ಕೊಟ್ರಬಸಪ್ಪನವರ ಮಿಲ್ಲಿನ ಉಗಿ ವಾಲ್ವ್

ಗಂಗಾವತಿಯಲ್ಲಿ ಶೋಭಾರಾಣಿ ರಿಪೇರಿ ಅಂಗಡಿ ತೆರೆದಾಗ ಜನ ಮಿಕ್ಸರ್, ಫ್ಯಾನು ಹಿಡಿದು ಬಂದರೇ ಹೊರತು ರೈಸ್‌ಮಿಲ್ಲಿನವರು ಅತ್ತ ತಲೆ ಹಾಕಲಿಲ್ಲ. ಮರಳಿ ಎಂಬ ಹಳ್ಳಿಯ ಕೂಲಿಕಾರರ ಮನೆಯ ಹುಡುಗಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದೇ ದೊಡ್ಡದು ಎಂಬುದು ಊರಿನ ಲೆಕ್ಕ. ತಾಯಿ ಹುಲಿಗವ್ವನಿಗೆ ಅಷ್ಟು ಸಾಲದಾಗಿತ್ತು. ಕೊಟ್ರಬಸಪ್ಪನವರ ಮಿಲ್ಲಿನ ಕಣದಲ್ಲಿ ಭತ್ತ ಹರವುತ್ತ ಮಗಳನ್ನು ಓದಿಸಿದವಳು ಆಕೆ.

ಈ ಸಲ ಸುಗ್ಗಿಯ ಹೊತ್ತಿಗೇ ಮಳೆ ಹಿಡಿಯಿತು. ಭತ್ತ ಒಣಗಿಸಲು ಉಗಿ ಡ್ರೈಯರ್ ಒಂದೇ ಗತಿ. ಅದರ ವಾಲ್ವೂ ಆಗಲೇ ಸುಟ್ಟುಹೋಯಿತು. ಫಿಟ್ಟರ್ ದುರಗೇಶ ಪೇಟೆಯಲ್ಲಿ ಸಿಕ್ಕ, ಹಳೆಯದಕ್ಕಿಂತ ದೊಡ್ಡ ವಾಲ್ವ್ ತಂದು ಕೂಡಿಸಿದ. ವಾಲ್ವನ್ನು ನಡೆಸುವ ಬೋರ್ಡಿನ ಗುಂಡಿ ಎಷ್ಟು ತಿರುವಿದರೂ ವಾಲ್ವ್ ಅರ್ಧಕ್ಕೇ ನಿಂತುಬಿಡುತ್ತಿತ್ತು. ಬೋರ್ಡೇ ಕೆಟ್ಟಿದೆ ಎಂದುಕೊಂಡರು. ಹೊಸ ಬೋರ್ಡ್ ದೂರದಿಂದ ಬರಬೇಕು. ಅಷ್ಟರಲ್ಲಿ ಹಸಿ ಭತ್ತ ಮೊಳಕೆಯೊಡೆಯುತ್ತದೆ.

"ಸಾವ್ಕಾರ್ರ, ನನ್ನ ಮಗಳನ್ನ ಕರಸ್ರಿ," ಎಂದಳು ಹುಲಿಗವ್ವ.

ಶೋಭಾರಾಣಿ ಬಂದು ಬೋರ್ಡಿನ ಡಬ್ಬಿ ಬಿಚ್ಚಿದಳು. ವಾಲ್ವ್ ಎಷ್ಟು ತೆರೆಯಬೇಕೆಂದು ಹೇಳುವುದು ಅದರಲ್ಲಿನ ಆಪ್-ಆ್ಯಂಪ್ ಎಂಬ ಸಣ್ಣ ಚಿಪ್. ವಾಲ್ವಿನ ವೈರ್ ತೆಗೆದು ಮೀಟರ್ ಹಿಡಿದರೆ ವೋಲ್ಟೇಜ್ ಸರಿಯಿತ್ತು. ವೈರ್ ಕೂಡಿಸಿದೊಡನೆ ಕುಸಿಯಿತು, ಚಿಪ್ ಬೆರಳು ಸುಡುವಷ್ಟು ಕಾಯಿತು.

"ಚಿಪ್ ಕೆಟ್ಟಿಲ್ರಿ," ಎಂದಳು. "ದೊಡ್ಡ ವಾಲ್ವ್ ಕೇಳೂವಷ್ಟು ಕರೆಂಟ್ ಕೊಡಾಕ ಅದರ ಕೈಲಿ ಆಗವಲ್ದು. ಬೆನ್ನಿಗೊಂದು ಟ್ರಾನ್ಸಿಸ್ಟರ್ ಹಾಕೂಣು. ಚಿಪ್ ಬರೇ ಹೇಳ್ತೈತಿ, ಭಾರ ಟ್ರಾನ್ಸಿಸ್ಟರ್ ಹೊರತೈತಿ."

ದಪ್ಪ ಟ್ರಾನ್ಸಿಸ್ಟರ್ ಒಂದಕ್ಕೆ ಕಾವು ಹೊರಹೋಗಲೆಂದು ಅಲ್ಯೂಮಿನಿಯಂ ತಗಡು ಬಿಗಿದು, ಚಿಪ್‌ಗೂ ವಾಲ್ವಿಗೂ ನಡುವೆ ಬೆಸೆದಳು. ವಾಲ್ವ್ ಸರಸರ ತೆರೆಯಿತು. ಆದರೆ ಗುಂಡಿ ಹೇಳಿದ್ದಕ್ಕಿಂತ ಒಂದಿಷ್ಟು ಕಡಿಮೆ.

"ಇಷ್ಟಾದ್ರ ಸಾಕು ಬಿಡವಾ," ಎಂದರು ಕೊಟ್ರಬಸಪ್ಪ.

ಸಾಕು ಎನ್ನಲು ಅವಳ ಮನಸ್ಸು ಒಪ್ಪಲಿಲ್ಲ. ಉಗಿ ಕಡಿಮೆಯಾದರೆ ಭತ್ತ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಗಿರಣಿಯಲ್ಲಿ ಅಕ್ಕಿ ನುಚ್ಚಾಗುತ್ತದೆ. ಅವ್ವ ಹರವಿದ ಭತ್ತ ನುಚ್ಚಾಗುವುದು ಅವಳಿಗೆ ಬೇಡವಾಗಿತ್ತು. ಬೋರ್ಡನ್ನೇ ನೋಡುತ್ತ ಕುಳಿತಳು. ಆ ಕೊರತೆಯ ವೋಲ್ಟೇಜ್ ಟ್ರಾನ್ಸಿಸ್ಟರಿನೊಳಗೇ ಕಳೆದುಹೋಗುತ್ತಿದೆ ಎಂದು ಹೊಳೆಯಿತು. ಚಿಪ್ ತನ್ನ ಕೆಲಸ ಸರಿಯಾಯಿತೇ ಎಂದು ವೋಲ್ಟೇಜ್ ಹೊರಬಿಡುವ ತನ್ನ ಕಾಲಿನಲ್ಲೇ, ಅಂದರೆ ಪಿನ್ನಿನಲ್ಲೇ, ನೋಡಿಕೊಳ್ಳುತ್ತಿತ್ತು. ವಾಲ್ವಿಗೆ ಎಷ್ಟು ಮುಟ್ಟಿತೆಂದು ಅದಕ್ಕೆ ತಿಳಿಯುವ ದಾರಿಯೇ ಇರಲಿಲ್ಲ. ಆ ನೋಡುವ ವೈರನ್ನು ಕಿತ್ತು, ಟ್ರಾನ್ಸಿಸ್ಟರ್ ದಾಟಿ, ವಾಲ್ವಿಗೆ ವೈರ್ ಸೇರುವಲ್ಲಿಗೆ ತಂದು ಬೆಸೆದಳು.

"ದುರಗೇಶಣ್ಣ, ಗುಂಡಿ ತಿರುವ್ರಿ."

ವಾಲ್ವ್ ಪೂರ್ತಿ ತೆರೆಯಿತು. ಕೊಳವೆಯಲ್ಲಿ ಉಗಿ ಬುಸುಗುಟ್ಟಿತು. ಮುಟ್ಟಿ ನೋಡಿದರೆ ಚಿಪ್ ತಣ್ಣಗಿತ್ತು.

"ಭೇಷ್!" ಎಂದ ದುರಗೇಶ. "ಶೋಭವ್ವ, ಇನ್ನ ನಮ್ಮ ಮಿಲ್ಲಿನ ಬೋರ್ಡೆಲ್ಲಾ ನಿನ್ನ ಕೈಯಾಗ ಬರಬೇಕು."

ಕೊಟ್ರಬಸಪ್ಪ ತಾವೇ ಹೋಗಿ ಅವಳಿಗೆ ಚಹಾ ತಂದುಕೊಟ್ಟರು. ಅವಳು ಕುರ್ಚಿಯಲ್ಲಿ ಕುಳಿತೇ ಕುಡಿದಳು.

ಊಟದ ಬಿಡುವಿನಲ್ಲಿ ಹುಲಿಗವ್ವ ಕಣದ ಹೆಂಗಸರನ್ನೆಲ್ಲ ಡ್ರೈಯರಿನ ಹತ್ತಿರ ಕರೆತಂದಳು.

"ಕಾಲುವಿ ತೂಬು ತಿರುವಾಂವ ಒಬ್ನ ಇರ್ತಾನಲ್ಲ, ನೀರೇನು ಅವ ಹೊತ್ತು ತರ್ತಾನೇನು? ತಿರುವಿದ್ರ ಸಾಕು, ನೀರು ತಾನ ಬರತೈತಿ. ಆ ಚಿಪ್ಪಿಗೂ ಹಂಗ ಮಾಡ್ಯಾಳ ನನ್ನ ಮಗಳು."

"ಹೌದೇನ ಶೋಭಾ?" ಎಂದಳು ಅವರಲ್ಲೊಬ್ಬಳಾದ ಮೆಹಬೂಬಬೀ.

"ಹೌದು ಚಾಚಿ, ಅವ್ವ ಬರೋಬ್ಬರಿ ಹೇಳ್ಯಾಳ."

ಹುಲಿಗವ್ವ ಸೆರಗಿನಿಂದ ಬೋರ್ಡಿನ ಡಬ್ಬಿಯ ಧೂಳು ಒರೆಸಿ, ಹಿಂದೆ ನಿಂತವರಿಗೂ ಕಾಣಲೆಂದು ಪಕ್ಕಕ್ಕೆ ಸರಿದಳು.