ಪೆಟ್ಟಿಗೆಯ ಹೆಣ್ಣಿಗೆ ಕೊಟ್ಟ ಖಣ

ಹೆಂಡತಿ ತೀರಿಕೊಂಡ ದಿನ, ಅವಳಿಗೆ ಕೊನೆಯ ಉಡಿ ತುಂಬಲು ಬಂದ ಓಣಿಯ ಹೆಂಗಸರು ಅವಳ ಕುಪ್ಪಸದ ಖಣಗಳ ಗಂಟು ಬಿಚ್ಚಿದರು.

"ಕಾಕಾರ, ಕಾಕೂಗ ಯಾವ್ದು ಸೇರ್ತಿತ್ತು?"

ಗಂಟಿನ ಮೇಲೆ ಕಣ್ಣಾಡಿಸಿದೆ. ದುಃಖವೆಂದು ಅವರು ಕಾದರು. ಖರೆ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಆಗ ನೆನಪಾದದ್ದು ವಿಡಿಯೋ ಗೇಮಿನ ಪೆಟ್ಟಿಗೆ.

ಎಂಬತ್ತರ ದಶಕದ ಕೊನೆ. ಇಳಕಲ್ಲಿನ ನಮ್ಮ ಪಡಸಾಲೆಯಲ್ಲಿ ಮಗ್ಗದ ಕುಣಿ ಮುಚ್ಚಿಸಿ, ಬಾಗಲಕೋಟೆಯಿಂದ ಟೆಂಪೋದಲ್ಲಿ ತಂದ, ದುಡ್ಡು ಹಾಕಿ ಆಡುವ ಹಳೆಯ ಪೆಟ್ಟಿಗೆಯನ್ನು ಅದರ ಮೇಲೆ ನಿಲ್ಲಿಸಿದೆ. ಊರಿಗೆ ಹೊಸ ಕಾಲವನ್ನೇ ತಂದವನ ಗತ್ತು ನನ್ನದು. ಪೆಟ್ಟಿಗೆಯ ಮಗ್ಗುಲಿಗೆ ಆಳೆತ್ತರದ ಹೆಣ್ಣಿನ ಚಿತ್ರ. ಕೈಯಲ್ಲಿ ಕತ್ತಿ, ಮೈಮೇಲೆ ಒಂದು ಕರವಸ್ತ್ರಕ್ಕೂ ಸಾಲದಷ್ಟು ಬಟ್ಟೆ.

"ಇದೇನ್ರಿ ಈಕಿ ಅವತಾರ?" ಎಂದಳು ಹೆಂಡತಿ.

"ಆಟದಾಗ ಹಂಗ ಇರ್ತೈತಿ. ನಿನಗ ತಿಳಿಯೂದಿಲ್ಲ."

"ಬಾಜೂಕಿನ ಗಂಡಸಿನ್ನ ನೋಡ್ರಿ, ಕುತ್ತಿಗಿತನಾ ಕಬ್ಬಿಣ ತೊಟ್ಟಾನ. ಇಬ್ರೂ ಹೊಂಟಿದ್ದು ಒಂದ ಜಗಳಕ್ಕಲ್ಲೇನು?"

ಬಾಜೂಕೆ ಒಬ್ಬ ಗಂಡಸಿದ್ದಾನೆ ಎಂಬುದು ನನ್ನ ಕಣ್ಣಿಗೆ ಬಿದ್ದದ್ದೇ ಆಗ.

ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಗಳನ್ನು ಖಣ ಕೊಡದೆ ಕಳಿಸುವುದಿಲ್ಲ. ಮರುದಿನ ಹೆಂಡತಿ ಗಂಜಿ ಕಾಸಿ, ಕೆಂಪು ಅಂಚಿನ ಹಸಿರು ಖಣವೊಂದನ್ನು ಚಿತ್ರದ ಎದೆಗೆ ಅಂಟಿಸಿದಳು. ಹಣೆಗೆ ಕುಂಕುಮವನ್ನೂ ಇಟ್ಟಳು.

"ಯಾವ್ದರ ಹಳೇದು ಹಚ್ಚಬಾರ್ದೇನು?"

"ಕೊಡೂದಾದ್ರ ನಮಗ ಸೇರಿದ್ದ ಕೊಡಬೇಕ್ರಿ."

ಆಡಲು ಬಂದ ಪಡ್ಡೆಗಳು, "ಅಣ್ಣಾರ, ಬೀಗತಿ ಯಾವಾಗ ಬಂದ್ರು?" ಎಂದು ಕೇಳಿ ನಕ್ಕರು. ನಾನು ಚಿಲ್ಲರೆ ಡಬ್ಬಿಯೊಳಗೆ ಮುಖ ಹುದುಗಿಸಿದೆ.

ಒಮ್ಮೆ ಹೆಂಡತಿಯೂ ನಿಂತು ಆಟ ನೋಡಿದಳು. ಪರದೆಯಲ್ಲಿ ಅದೇ ಹೆಣ್ಣು, ಅದೇ ತುಂಡು ಬಟ್ಟೆಯಲ್ಲಿ, ಕಂಬಕ್ಕೆ ಕಟ್ಟಿಸಿಕೊಂಡು ನಿಂತಿದ್ದಳು.

"ಹೊರಗ ಕತ್ತಿ ಹಿಡದಾಕಿ ಒಳಗ ಹಗ್ಗ ಯಾಕ ಕೊಯ್ಕೊಳ್ಳವಲ್ಲಳು?"

"ಗಂಡಸು ಬಂದು ಬಿಡಿಸ್ಬೇಕು. ಅದ ಆಟ."

"ಬಿಡಿಸಿದ ಮ್ಯಾಲೆ?"

"ಆಟ ಮುಗೀತೈತಿ."

"ನಿಮ್ಮಂಥವ್ರ ಯಾರೋ ಮಾಡಿರ್ಬೇಕು ಇದನ್ನ," ಎಂದು ಒಳಗೆ ಹೋದಳು.

ವ್ಯಾಪಾರ ಕುದುರಲಿಲ್ಲ. ಪೆಟ್ಟಿಗೆ ವಾಪಸು ಹೊರಟಾಗ ನಾನು ಖಣ ಕೀಳಲು ಹೋದೆ. "ಕೊಟ್ಟ ಖಣ ಯಾರರ ತಿರುಗಿ ತಗೋತಾರೇನ್ರಿ?" ಎಂದು ನನ್ನ ಕೈ ಸರಿಸಿದಳು. ಆ ಹೆಣ್ಣು ಅದನ್ನು ತೊಟ್ಟೇ ಟೆಂಪೋ ಹತ್ತಿದಳು.

ಹೆಂಗಸರು ಇನ್ನೂ ಕಾಯುತ್ತಿದ್ದರು. ಗಂಟಿಗೆ ಕೈ ಹಾಕಿ ತಡಕಾಡಿದೆ. ತಳದಲ್ಲಿತ್ತು ಅಂಥದೇ ಇನ್ನೊಂದು, ಕೆಂಪು ಅಂಚಿನ ಹಸಿರು.

"ಇದು," ಎಂದೆ.

"ನೋಡ್ರವಾ, ಕಾಕಾಗ ಎಷ್ಟು ನೆನಪೈತಿ," ಎಂದು ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅದನ್ನು ಎಲ್ಲಿ ನೋಡಿ ನೆನಪಿಟ್ಟುಕೊಂಡೆನೆಂದು ನಾನು ಹೇಳಲಿಲ್ಲ. ಹೆಂಡತಿ ಎದ್ದಿದ್ದರೆ ತಾನೇ ಹೇಳುತ್ತಿದ್ದಳು.