ಚಿಗವ್ವನ ಎಡಹೊಳ್ಳೆ

ಈಗಷ್ಟೇ ಬೇಳೆಗೆ ಒಗ್ಗರಣೆ ಹಾಕುವಾಗ ಬೆಳ್ಳುಳ್ಳಿ ಹೊತ್ತಿಸಿದೆ. ನನ್ನ ಕೈಯಲ್ಲಿ ಇದು ಹೊಸದೇನಲ್ಲ ಬಿಡಿ. ಆದರೆ ಇವತ್ತು ಬಾಣಲೆ ಇಳಿಸದೆ, ಪಡಸಾಲೆಯ ಕಡೆ ಕಿವಿಯಿಟ್ಟು ನಿಂತಿದ್ದೇನೆ. ಅಲ್ಲಿ ಚಿಗವ್ವ, ನನ್ನ ತಾಯಿಯ ತಂಗಿ, ಪುಂಡಿಪಲ್ಯದ ಸೊಪ್ಪನ್ನು ದಂಟಿನಿಂದ ಬಿಡಿಸುತ್ತಾ ಕೂತಿದ್ದಾಳೆ.

ಚಿಗವ್ವನ ಮೂಗು ನಮ್ಮ ಓಣಿಗೆಲ್ಲ ಹೆಸರುವಾಸಿ. ಯಾರ ಮನೆಯ ಬೇಳೆ ತಳ ಹಿಡಿಯಿತು, ಯಾರ ಹಾಲು ಕೆಟ್ಟಿತು, ಎಲ್ಲ ಅವಳಿಗೆ ಕೂತಲ್ಲೇ ಗೊತ್ತಾಗುತ್ತಿತ್ತು. ಅವಳಿದ್ದಾಗ ಅಡುಗೆ ಮಾಡುವುದೆಂದರೆ ನನಗೆ ಪರೀಕ್ಷೆಗೆ ಕೂತಂತಿತ್ತು. ಅಂಥ ಮೂಗು ಒಮ್ಮೆ ಕಟ್ಟತೊಡಗಿತು. ಆಗಾಗ ರಕ್ತವೂ ಬಂತು. ಕಲ್ಲುಗಣಿಗಳ ನಮ್ಮ ಶಹಾಬಾದದಲ್ಲಿ ಮೂಗಿಗೆ ಏನೇ ಆದರೂ ನಾವು ಕಲ್ಲಿನ ಪುಡಿಯನ್ನು ಬೈದು ಸುಮ್ಮನಾಗುತ್ತೇವೆ. ಅವಳ ಮನೆಯ ಹಿಂದೆಯೇ ಕಲ್ಲು ಪಾಲಿಶ್ ಮಾಡುವ ಮಷೀನು ಬೇರೆ. ಬೆಲ್ಲ ತಿಂದರೆ ಧೂಳು ಇಳಿಯುತ್ತದೆ ಎಂದು ನಾನೂ ಒಂದು ಪೆಂಟಿ ಬೆಲ್ಲ ಒಯ್ದು ಕೊಟ್ಟೆ. ಪುಣ್ಯಕ್ಕೆ ಬೆಲ್ಲವಾದರೂ ಚೆನ್ನಾಗಿತ್ತು.

ಒಂದು ದಿನ ತನ್ನ ಒಲೆಯ ಮೇಲಿನ ಬೇಳೆ ಹೊತ್ತಿದ್ದೇ ಅವಳಿಗೆ ತಿಳಿಯಲಿಲ್ಲ. ಆಗ ಹೆದರಿ ಕಲಬುರಗಿಗೆ, ಕಿವಿ-ಮೂಗಿನ ಡಾಕ್ಟರಮ್ಮನ ಬಳಿ ಹೋದೆವು. ಆಕೆ ನನಗಿಂತ ಚಿಕ್ಕವರು.

"ಧೂಳ್ರಿ ಮೇಡಂ, ನಮ್ಮೂರಾಗ ಎಲ್ಲಾರಿಗೂ ಇರೋದೇ," ಎಂದಳು ಚಿಗವ್ವ.

"ಧೂಳಾದ್ರ ಎರಡೂ ಹೊಳ್ಳಿಗೆ ಹೋಗ್ತದಲ್ರಿ ಅವ್ವಾ. ನಿಮಗ ಎಡಗಡಿದಷ್ಟೇ ಯಾಕ ಕಟ್ಟ್ಯದ?"

ಇಷ್ಟು ಸಾದಾ ಪ್ರಶ್ನೆ ಇಡೀ ಓಣಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಒಳಗೊಂದು ಗಂಟಿತ್ತು. ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬರೀ ಊತ ಎಂದು ವರದಿ ಬಂತು. ನಾನು ದೇವರಿಗೆ ಕಾಯಿ ಒಡೆಸಲು ಹೊರಟೆ, ಡಾಕ್ಟರಮ್ಮ ಆ ವರದಿಯನ್ನು ಒಪ್ಪಲಿಲ್ಲ. ಪರೀಕ್ಷೆ ಮಾಡಿದವರ ಜೊತೆ ಕೂತು ಆ ಚೂರನ್ನು ಮತ್ತೆ ನೋಡಿದರು, ಬೇರೆ ಬಣ್ಣ ಹಾಕಿಸಿ ನೋಡಿದರು.

"ಊತ ಇದ್ರ ತರತರದ ರಕ್ತದ ಕಣ ಕೂಡಿರ್ತಾವ್ರಿ. ಇಲ್ಲಿ ಒಂದೇ ಕಣ ತನ್ನಂಥಾವನ್ನೇ ಹುಟ್ಟಿಸ್ಕೋತ ಗುಂಪು ಕಟ್ಟ್ಯದ. ಭಾಳ ಅಪರೂಪದ ಕ್ಯಾನ್ಸರ್ ಗಂಟಿದು. ಎಲುಬಿನಾಗೂ ಅದನೋ ಏನೋ ನೋಡಬೇಕು," ಎಂದರು.

ಎಲುಬಿನ ಮಜ್ಜೆಯ ಪರೀಕ್ಷೆ ಮುಗಿಯುವವರೆಗೆ ನಮಗೆ ಅನ್ನ ಸೇರಲಿಲ್ಲ. ಅಲ್ಲಿ ಅಂಥ ಕಣ ಇರಲಿಲ್ಲ. ಅದನ್ನು ಹೇಳಲು ಡಾಕ್ಟರಮ್ಮ ತಾವೇ ಹೊರಗೆ ಓಡಿ ಬಂದರು. ನನಗೆ ಆಕೆಯ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ. ಸಿಕ್ಕ ಉತ್ತರಕ್ಕೆ ಸಮಾಧಾನಪಡದವರನ್ನು ಅಲ್ಲಿಯವರೆಗೆ ನಾನು ಜಗಳಗಂಟರೆಂದೇ ತಿಳಿದಿದ್ದೆ.

ಆಮೇಲೆ ವಿಕಿರಣ ಚಿಕಿತ್ಸೆ, ನಮ್ಮ ಕಡೆಯ ಮಾತಿನಲ್ಲಿ ಕರೆಂಟ್ ಕೊಡುವುದು. ಗಂಟು ಕರಗಿತು, ಜೀವ ಉಳಿಯಿತು. ವಾಸನೆ ಮಾತ್ರ ಮರಳಲಿಲ್ಲ. ಒಗ್ಗರಣೆಗೆ ನಿಂತರೆ ಚಿಗವ್ವ ನನ್ನನ್ನು ಕರೆದು, "ಆತೇನು ನೋಡು," ಎಂದು ಕೇಳತೊಡಗಿದಳು. ಒಗ್ಗರಣೆ ಹೊತ್ತಿದರೆ ಬೈಯುತ್ತಿದ್ದವಳು ಹೀಗೆ ಕೇಳುವಂತಾದದ್ದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ವಾಸನಿ ಬಂದ್ರ ಬರ್ತದ, ಖಾತ್ರಿ ಹೇಳಾಕ ಆಗಂಗಿಲ್ಲ. ಬಂದ ದಿನ ನನಗೊಂದು ಫೋನ್ ಮಾಡ್ರಿ," ಎಂದಿದ್ದರು ಡಾಕ್ಟರಮ್ಮ.

ನಿಮಗೆ ಇಷ್ಟು ಹೇಳುವುದರಲ್ಲಿ ಪಡಸಾಲೆಯಲ್ಲಿ ದಂಟು ಮುರಿಯುವ ಸದ್ದು ನಿಂತಿದೆ.

"ಏ ಹುಚ್ಚಿ, ಬಳ್ಳೊಳ್ಳಿ ಹೊತ್ತಾಕತ್ತದ. ಮೂಗು ಅದನೋ ಇಲ್ಲೋ ನಿನಗ?"

ಬಾಣಲೆ ಅಲ್ಲೇ ಬಿಟ್ಟು ಫೋನು ತೆಗೆದುಕೊಂಡೆ.

"ಮೇಡಂ," ಎಂದೆ, "ನಮ್ಮ ಚಿಗವ್ವ ಬೈದಳ್ರಿ."