ಕೊಳಕೂರಿನ ಕಣದಲ್ಲಿ ವಿಮಾನ

ಎಂಬತ್ತರ ದಶಕದ ಮಧ್ಯಭಾಗ. ನಾನಾಗ ವಿಮಾನ ಅಪಘಾತ ತನಿಖಾ ತಂಡದಲ್ಲಿ ಕಿರಿಯ ಎಂಜಿನಿಯರ್. ಜೇವರ್ಗಿ ತಾಲ್ಲೂಕಿನ ಕೊಳಕೂರ ಹತ್ತಿರ ಎರಡು ಎಂಜಿನ್ನಿನ ಸಣ್ಣ ಪ್ರಯಾಣಿಕ ವಿಮಾನವೊಂದು ಜೋಳ ಕೊಯ್ದ ಹೊಲಕ್ಕೆ ಬಿದ್ದು ಇಬ್ಬರು ಸತ್ತಿದ್ದರು. ನಾನು ಆಳಂದದವನು, ಆ ಕಡೆಯ ಮಾತು ಬಲ್ಲವನು ಎಂದು ನನ್ನನ್ನೂ ಕಳಿಸಿದರು.

ಪೈಲಟ್ ಕಾಲು ಮುರಿದುಕೊಂಡು ಗುಲಬರ್ಗಾದ ದವಾಖಾನೆಯಲ್ಲಿದ್ದ. ಎಡ ಎಂಜಿನ್ನಿಗೆ ಹಾರುವಾಗಲೇ ಬೆಂಕಿ ಹತ್ತಿತು, ಅದಕ್ಕೇ ಹೊಲಕ್ಕಿಳಿಸಿದೆ ಎಂಬುದು ಅವನ ಹೇಳಿಕೆ. ಎಚ್ಚರಿಕೆಯ ದೀಪ ಸುಳ್ಳಾಗಿ ಹತ್ತಿದ್ದಕ್ಕೆ ಹೆದರಿದ, ಬೆಂಕಿ ಎದ್ದದ್ದು ನೆಲಕ್ಕೆ ಬಡಿದ ಮೇಲೆ ಎಂಬುದು ಕಂಪನಿಯ ವಾದ. ಅವನ ಲೈಸೆನ್ಸು ಉಳಿಯುವುದೂ ಇಬ್ಬರನ್ನು ಕೊಂದವನೆಂಬ ಹೆಸರು ತಪ್ಪುವುದೂ ಇದರ ಮೇಲೇ ನಿಂತಿತ್ತು.

ತರಬೇತಿಯಲ್ಲಿ ನಮಗೆ ಕಾಮೆಟ್ ಜೆಟ್‌ಗಳ ಪಾಠವಾಗಿತ್ತು. ಐವತ್ತರ ದಶಕದಲ್ಲಿ ಅವು ಆಕಾಶದಲ್ಲೇ ಒಡೆದಾಗ ಸಮುದ್ರದ ತಳದಿಂದ ತುಣುಕು ಎತ್ತಿ ಜೋಡಿಸಿ, ಲೋಹ ದಣಿದು ಬಿರಿದದ್ದನ್ನು ಕಂಡುಹಿಡಿದಿದ್ದರು. ನಮ್ಮದು ಒಣ ಹೊಲ, ಎಷ್ಟರ ಕೆಲಸ ಎಂದುಕೊಂಡು ಹೋದೆ.

ಹೋಗಿ ನೋಡಿದರೆ, ವಿಮಾನದ ಮುರಿದ ಒಡಲೊಂದನ್ನು ಬಿಟ್ಟು ಹೊಲದಲ್ಲಿ ಏನೂ ಇಲ್ಲ. ಉಳಿದದ್ದೆಲ್ಲ ಕಣದಲ್ಲಿ ರಾಶಿ. ದೊಡ್ಡವು ಒಂದು ಕಡೆ, ಸಣ್ಣವು ಒಂದು ಕಡೆ, ಫಳಫಳ ಹೊಳೆಯುತ್ತಿದ್ದವು.

"ಏನ್ರಿ ಗೌಡ್ರ ಇದು?" ಎಂದು ಹೊಲದ ಯಜಮಾನ ಶರಣಪ್ಪಗೌಡರನ್ನು ಕೇಳಿದೆ.

"ಎತ್ತಿನ ಕಾಲಿಗಿ ಚುಚ್ಚತಾವಂತ ಆರಿಸೇವ್ರಿ. ಮತ್ತ ನೆತ್ತರಾ, ಮಸಿ ಹತ್ತಿದ್ದು ಹಂಗೇ ನಿಮ್ಮ ಕೈಗಿ ಹ್ಯಾಂಗ ಕೊಡಾದ್ರಿ? ಹೆಣ್ಮಕ್ಕಳು ಬೂದಿ ಹಚ್ಚಿ ತಿಕ್ಕ್ಯಾರ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಾರುವಾಗ ಹತ್ತಿದ ಬೆಂಕಿಯ ಮಸಿ ಗಾಳಿಯ ರಭಸಕ್ಕೆ ಹಿಂದಕ್ಕೆ ಗೆರೆ ಎಳೆಯುತ್ತದೆ. ನೆಲದ ಮೇಲಿನ ಬೆಂಕಿಯದು ಮೇಲಕ್ಕೇರುತ್ತದೆ. ನಮಗೆ ಬೇಕಿದ್ದ ಆ ಮಸಿಯನ್ನೇ ತೊಳೆದಿದ್ದರು.

ಕಂಡವರನ್ನು ಕೇಳಿದರೆ ಇನ್ನಷ್ಟು ಗೊಂದಲ. ಒಬ್ಬ ಬೆಂಕಿ ಎಡಕ್ಕಿತ್ತೆಂದ, ಇನ್ನೊಬ್ಬ ಬಲಕ್ಕೆಂದ. "ಲೇ, ನೀ ಆಗ ಬೇವಿನ ಗಿಡದ ಬುಡಕ ಮಲಗಿದ್ದಿ" ಎಂದು ಮೂರನೆಯವ. ಬಿದ್ದ ಮೇಲೆ ಕಂಡ ಬೆಂಕಿಯನ್ನೇ ಮೊದಲೇ ಕಂಡೆವೆಂದು ಜನ ನಂಬಿರುತ್ತಾರೆ. ಯಾರ ಮಾತನ್ನು ಹಿಡಿಯಲಿ?

ಎಡ ಎಂಜಿನ್ನಿನ ಹೊರಮುಚ್ಚಳದ ದೊಡ್ಡ ತಗಡೊಂದು ಮಾತ್ರ ರಾಶಿಯಲ್ಲಿರಲಿಲ್ಲ. ಪೊಲೀಸರು ಕೇಳಿದಾಗ ಊರೇ ಬಾಯಿ ಮುಚ್ಚಿತು. ಮಧ್ಯಾಹ್ನ ಗೌಡರ ಪಡಸಾಲೆಯಲ್ಲಿ ರೊಟ್ಟಿ ತಿನ್ನುತ್ತ ಅವರ ತಾಯಿ ಸಂಗಮ್ಮನಿಗೆ ಇದ್ದದ್ದು ಹೇಳಿದೆ: "ಆಯಿ, ಆ ತಗಡ ಸಿಗದಿದ್ರ ದವಾಖಾನ್ಯಾಗಿರೋ ಹುಡುಗ ಸುಳ್ಳ ಹೇಳ್ಯಾನಂತ ಬರೀತಾರ."

ಮುದುಕಿ ಇನ್ನೊಂದು ರೊಟ್ಟಿ ಹಾಕಿದಳು. ಆಮೇಲೆ, "ಹಿತ್ತಲದಾಗ ಸಗಣಿ ಕುಳ್ಳಿನ ಮ್ಯಾಲ ಅದಪ್ಪ. ಇಬ್ಬನಿಗಿ ತೊಯ್ಯಬಾರ್ದಂತ ಮುಚ್ಚೇನಿ. ನನ್ನ ಹಿಡಕೊಂಡ ಹೋಗ್ತಾರೇನು?"

"ಇಲ್ಲ ಆಯಿ. ಅದನ್ನ ತಿಕ್ಕೀಯೇನು?"

"ಕುಳ್ಳಿಗಿ ಮುಚ್ಚೋದು ಯಾರ ತಿಕ್ಕತಾರ, ಹುಚ್ಚಪ್ಪ?"

ತಗಡಿನ ಮೇಲೆ ಮಸಿ ಗೆರೆಗೆರೆಯಾಗಿ ಹಿಂದಕ್ಕೆ ಹರಿದಿತ್ತು. ಪೈಲಟ್ ಹೇಳಿದ್ದು ನಿಜ.

ಆದರೆ ಬೆಂಕಿ ಹತ್ತಿದ್ದೇಕೆ? ಎಣ್ಣೆಯ ಕೊಳವೆಯಲ್ಲಿ ಬಿರುಕಿತ್ತು. ಬೂದಿಯಲ್ಲಿ ಅದನ್ನು ಎಷ್ಟು ಚಂದ ತಿಕ್ಕಿದ್ದರೆಂದರೆ, ಬಿರುಕು ಹಳೆಯದೋ ಬಿದ್ದಾಗಿನದೋ ಪ್ರಯೋಗಾಲಯಕ್ಕೂ ಹೇಳಲಾಗಲಿಲ್ಲ. 'ಕಾರಣ ನಿರ್ಧರಿಸಲಾಗಿಲ್ಲ' ಎಂದೇ ವರದಿ ಬರೆದೆವು. ಲೈಸೆನ್ಸು ಉಳಿಯಿತೆಂದು ತಿಳಿಸಲು ಹೋದಾಗ ಪೈಲಟ್ ಕೇಳಿದ್ದು ಒಂದೇ: "ಅದೇ ನಮೂನೆಯ ಉಳಿದ ವಿಮಾನಗಳು ಹಾರುತ್ತಿವೆಯಲ್ಲ, ಅವುಗಳ ಗತಿ?"

ಆಮೇಲೆ ಯಾವ ಊರಿಗೆ ತನಿಖೆಗೆ ಹೋದರೂ ಟೇಪು, ಕ್ಯಾಮೆರಾ ಹೊರತೆಗೆಯುವ ಮೊದಲು ಅಲ್ಲಿಯ ಜನರನ್ನು ಕೂಡಿಸಿಕೊಂಡು ಕೇಳುತ್ತಿದ್ದೆ, "ನಮ್ಮ ಸಲುವಾಗಿ ಏನೇನ ಮಾಡೀರಿ, ಮೊದಲ ಅದನ್ನ ಹೇಳ್ರಿ."